ಅಂದು ಕೈ ತೊಳೆದಿದ್ದವಳು

ಮೇಲಿನ ಸಾಲು, ಕೆಳಗಿನ ಸಾಲು ಸೇರಿ ಒಂದು ಪೂರ್ತಿ ಹಲ್ಲಿನ ಸೆಟ್ಟು ಮಾಡಿಸಿದರೆ ನನ್ನ ಒಂದು ತಿಂಗಳ ಬಾಡಿಗೆಯಷ್ಟಾಗುತ್ತದೆ. ಒಂದೇ ಒಂದು ಪಿಂಗಾಣಿ ಹಲ್ಲಿಗೆ ಒಳ್ಳೆಯ ಉಣ್ಣೆ ಕೋಟಿನ ಬೆಲೆ. ಆ ಹಲ್ಲನ್ನು ಸುಟ್ಟು ಗಟ್ಟಿ ಮಾಡುವ ವಿದ್ಯುತ್ ಕುಲುಮೆ ಇದೆಯಲ್ಲ, ಲ್ಯಾಬಿನವರು ಅದಕ್ಕೆ ಫರ್ನೇಸ್ ಅನ್ನುತ್ತಾರೆ, ಅದಕ್ಕೆ ಸುರಿಯುವ ಹಣದಲ್ಲಿ ಒಂದು ಸಣ್ಣ ಕಾರೇ ಬರುತ್ತದೆ. ಈ ಲೆಕ್ಕವೆಲ್ಲ ನನಗೆ ಬಾಯಿಪಾಠವಾಗಿದ್ದು ನಮ್ಮ ಕೆಳಗಿನ ಮಹಡಿಯಲ್ಲಿ ಕಟ್ಟುಹಲ್ಲಿನ ಲ್ಯಾಬ್ ನಡೆಸುವ ಹಲ್ಲು ಮಾಸ್ತರರು ಆ ಕಾರಿನಷ್ಟು ಹಣವನ್ನು ಒಂದು ಬಟ್ಟಲು ಪ್ಲಾಸ್ಟರ್ ಗಟ್ಟಿಯಾಗುವಷ್ಟರಲ್ಲಿ ಕಳೆದುಕೊಂಡ ದಿನ.

ನಾನು ಮತ್ತು ಅತ್ತಿಗೆ ಆ ಕಟ್ಟಡದ ಮೇಲಿನ ಮಹಡಿಯಲ್ಲಿದ್ದೆವು. ನನ್ನ ಅಣ್ಣ ತೀರಿಕೊಂಡ ಮೇಲೆ ನಾವಿಬ್ಬರೇ. ನಾನು ಬಟ್ಟೆ ಆಲ್ಟರ್ ಮಾಡಿಕೊಡುತ್ತೇನೆ. ಅತ್ತಿಗೆ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತಳಾದವಳು. ಟಿಕೆಟ್ ಇಲ್ಲದವರನ್ನು ಮುಖ ನೋಡದೆ, ಬರೀ ಚಪ್ಪಲಿ ಸದ್ದಿನಲ್ಲೇ ಹಿಡಿಯುತ್ತಿದ್ದಳಂತೆ. ನಿವೃತ್ತಿಯಾದ ಮೇಲೂ ಆ ಚಟ ಬಿಡಲಿಲ್ಲ. ಕಟ್ಟಡದಲ್ಲಿ ಯಾರ ಸೈಕಲ್ ಕಾಣೆಯಾದರೂ, ಯಾರ ಪೆಟ್ಟಿಗೆಯ ಬೀಗ ಒಡೆದರೂ ಮೊದಲು ನಮ್ಮ ಬಾಗಿಲು ತಟ್ಟುತ್ತಿದ್ದರು. ಎಲ್ಲರೂ ಅವಳನ್ನು ಟಿಕೆಟ್ ಅಕ್ಕ ಅನ್ನುತ್ತಿದ್ದರು.

ಆ ಮಧ್ಯಾಹ್ನ ಬಾಗಿಲು ತಟ್ಟಿದವಳು ಮಾಸ್ತರರ ಸೊಸೆ. ತಟ್ಟಿದಳು ಅನ್ನುವುದಕ್ಕಿಂತ ಬಾಗಿಲಿಗೆ ಬಿದ್ದಳು ಅನ್ನಬೇಕು. ಅತ್ತು ಅತ್ತು ಮುಖ ಊದಿತ್ತು.

"ಟಿಕೆಟ್ ಅಕ್ಕಾ, ಹಣ ಹೋಯ್ತು. ಫರ್ನೇಸಿನ ಹಣ ಪೂರ್ತಿ. ನಾನೇ ಕಳಿಸಿದೆ ಅಂತಾರೆ. ನಮ್ಮ ತವರಿನವರ ಜೊತೆ ಸೇರ್ಕೊಂಡು ಹೊಡೆದೆ ಅಂತಾರೆ. ನಾಳೆಯಿಂದ ಲ್ಯಾಬಿಗೆ ಕಾಲಿಡಬೇಡ ಅಂದ್ರು ಮಾವ."

ಅತ್ತಿಗೆ ಕುರ್ಚಿ ಎಳೆದು ಕೂರಿಸಿದಳು. ನಾನು ನೀರು ಕೊಟ್ಟೆ. ಅತ್ತಿಗೆ ಕೇಳಿದ ಮೊದಲ ಮಾತು, "ಬ್ಯಾಂಕಿಗೆ ಫೋನ್ ಮಾಡಿದ್ರಾ?"

"ಇಲ್ಲಕ್ಕಾ. ಎಲ್ಲರೂ ನನ್ನ ಬೈತಾ ಇದ್ರು."

"ಬೈಯೋಕೆ ವರ್ಷ ಪೂರ್ತಿ ಇದೆ. ಏಳು."

ಕೆಳಗಿಳಿದ ತಕ್ಷಣ ಅವಳ ಕೈಲಿ ಲ್ಯಾಬಿನ ಬ್ಯಾಂಕ್ ಕಾರ್ಡ್ ತರಿಸಿಕೊಂಡು, ಹಿಂದೆ ಅಚ್ಚಾಗಿದ್ದ ನಂಬರಿಗೆ ಅತ್ತಿಗೆಯೇ ಫೋನ್ ಹಚ್ಚಿದಳು. ಸೊಸೆಯ ಫೋನಿನಲ್ಲಿ ಹುಡುಕಿ ಸಿಕ್ಕ ನಂಬರಿಗೆ ಮಾಡಲಿಲ್ಲ. ಆಗ ನನಗೆ ಅದರ ಅರ್ಥ ಆಗಲಿಲ್ಲ. ಕೇಳಿದ್ದಕ್ಕೆ, "ಕಳ್ಳರು ಬ್ಯಾಂಕಿನ ಹೆಸರಲ್ಲೂ ನಂಬರ್ ತೇಲಿಬಿಟ್ಟಿರ್ತಾರೆ ನಾದಿನಮ್ಮ. ಕಾರ್ಡಿನ ಮೇಲಿರೋದನ್ನ ಯಾರೂ ಬದಲಾಯಿಸೋಕಾಗಲ್ಲ" ಅಂದಳು. ಮಾಸ್ತರರ ಕೈಗೆ ಫೋನ್ ಕೊಟ್ಟು, ಹೆಸರು ಹೇಳಿಸಿ, ಹಣ ಹೋದ ಖಾತೆಯನ್ನು ತಡೆಹಿಡಿಸುವಂತೆ ದೂರು ಬರೆಸಿದಳು. ಆಮೇಲೆ ಸೈಬರ್ ಪೊಲೀಸರಿಗೆ ಇನ್ನೊಂದು ಫೋನು. ಇದೆಲ್ಲ ಮುಗಿದ ಮೇಲೇ ಅವಳು ಲ್ಯಾಬಿನ ಮೇಲೆ ಕಣ್ಣಾಡಿಸಿದ್ದು.

ಲ್ಯಾಬ್ ಅಂದರೆ ಉದ್ದನೆಯ ಒಂದು ಕೋಣೆ. ಬಾಗಿಲ ಪಕ್ಕ ಸಿಂಕು, ಅದರ ಮುಂದೆ ಮಾಸ್ತರರ ಪ್ಲಾಸ್ಟರ್ ಮೇಜು. ದಂತವೈದ್ಯರು ರೋಗಿಗಳ ಬಾಯಿಯಿಂದ ತೆಗೆದು ಕಳಿಸಿದ ಅಚ್ಚುಗಳಿಗೆ ಪ್ಲಾಸ್ಟರ್ ಹೊಯ್ದು ಮಾದರಿ ಎತ್ತುವುದು ಅಲ್ಲಿಯೇ. ಕಿಟಕಿಯ ಬಳಿ ಸೊಸೆಯ ಬೆಂಚು. ಅವಳು ಪಿಂಗಾಣಿ ಹಲ್ಲಿಗೆ ಪದರ ಪದರವಾಗಿ ಬಣ್ಣ ಕಟ್ಟುವವಳು. ಕೊನೆಯಲ್ಲಿ ಗರ್ರ್ ಎಂದು ತಿರುಗುವ ಯಂತ್ರದ ಮುಂದೆ ಹಳೆಯ ಕೆಲಸಗಾರ. ಎಲ್ಲರೂ ಅವರನ್ನು ಪಾಲಿಶ್ ಮಾಮ ಅನ್ನುತ್ತಾರೆ, ಮೀಸೆಯ ಮೇಲೂ ಪಾಲಿಶ್ ಪುಡಿ ಕೂತಿರುತ್ತದೆ. ಮೂಲೆಯಲ್ಲಿ ಹಳೆಯ ಫರ್ನೇಸ್. ಯಾರೋ ಅದನ್ನು ತಿಕ್ಕಿ ಒರೆಸಿ ಮದುಮಗನ ಹಾಗೆ ಮಾಡಿಟ್ಟಿದ್ದರು.

"ಇದೇನು ಇಷ್ಟು ಫಳಫಳ?" ಎಂದಳು ಅತ್ತಿಗೆ.

"ಕಂಪನಿಯವರು ಇದನ್ನ ವಾಪಸ್ ತಗೋತಾರಂತೆ," ಎಂದರು ಪಾಲಿಶ್ ಮಾಮ. "ಹೋದ ವಾರ ಮಾಸ್ತರ್ರು ಫೋನಲ್ಲಿ ಮಾತಾಡಿ ಒಪ್ಪಿಸಿದ್ರು. ಹೊಸದರ ಬಾಕೀಲಿ ಇದರ ಬೆಲೆ ವಜಾ. ಅದಕ್ಕೇ ನಾನು ಮೈಕೈ ತೊಳೆಸಿ ನಿಲ್ಲಿಸಿದೀನಿ. ನನ್ನ ಮೈಕೈ ಮಾತ್ರ ಯಾರೂ ತೊಳೆಸಲ್ಲ."

ಯಾರೂ ನಗಲಿಲ್ಲ.

ನಡೆದದ್ದನ್ನು ಸೊಸೆ ಮತ್ತೆ ಹೇಳಿದಳು. ಆ ಲ್ಯಾಬಿನಲ್ಲಿ ಒಂದು ಪದ್ಧತಿ ಇತ್ತು. ಎಲ್ಲರ ಕೈಯೂ ಸದಾ ಪ್ಲಾಸ್ಟರ್, ಮೇಣ, ಪುಡಿ. ಲ್ಯಾಬಿನ ಫೋನ್ ಒಂದೇ, ಶೆಲ್ಫಿನ ಮೇಲೆ. ಅದು ಸದ್ದು ಮಾಡಿದರೆ ಮಾಸ್ತರರು, "ಯಾರ ಕೈ ಕ್ಲೀನು?" ಎಂದು ಕೂಗುತ್ತಾರೆ. ಯಾರ ಕೈ ಕ್ಲೀನಿದೆಯೋ ಅವರು ಎತ್ತಿಕೊಂಡು, ಬಂದದ್ದನ್ನು ಗಟ್ಟಿಯಾಗಿ ಓದುತ್ತಾರೆ. ಮಾಸ್ತರರು ಪ್ಲಾಸ್ಟರ್ ಕಲಸುತ್ತಲೇ ಆಜ್ಞೆ ಕೊಡುತ್ತಾರೆ. ಓದಿದವರು ಒತ್ತುತ್ತಾರೆ. ವರ್ಷಗಟ್ಟಲೆ ಹೀಗೇ ನಡೆದಿತ್ತು.

"ಮಾವ ಆಗಷ್ಟೇ ಪ್ಲಾಸ್ಟರ್ ಕಲಸಿದ್ರು. ನಾನು ಬಣ್ಣ ಹಚ್ಚೋಕೆ ಅಂತ ಕೈ ತೊಳ್ಕೊಂಡು ಬಂದಿದ್ದೆ. ಫೋನಿಗೆ ಇಮೇಲ್ ಬಂತು. ಫರ್ನೇಸ್ ಕಂಪನಿ ಹೆಸರು, ಅವರ ಗುರುತು, ಎಲ್ಲ ಇತ್ತು. ಓದಿದೆ. 'ನಿಮ್ಮ ಫರ್ನೇಸ್ ಸಿದ್ಧವಾಗಿದೆ. ನಮ್ಮ ಹಳೆಯ ಖಾತೆ ತಪಾಸಣೆಯಲ್ಲಿದೆ. ಕೆಳಗಿನ ಲಿಂಕ್ ಮೂಲಕ ಬಾಕಿಯನ್ನು ಈಗಲೇ ಕಟ್ಟಿ. ತಡವಾದರೆ ಫರ್ನೇಸ್ ಬೇರೆ ಗಿರಾಕಿಗೆ ಹೋಗುತ್ತದೆ.' ಬಾಕಿ ಎಷ್ಟು ಅಂತಾನೂ ಇತ್ತು."

"ಎಷ್ಟು?"

ಮಾಸ್ತರರು ತಲೆ ಎತ್ತಲಿಲ್ಲ. "ಪೂರ್ತಿ ಬಾಕಿ. ಹಳೇದರ ಬೆಲೆ ಕಳೆದಿರಲಿಲ್ಲ. ನಾನು ಗೊಣಗಿದೆ. ಆದ್ರೆ ಬಟ್ಟಲಲ್ಲಿ ಪ್ಲಾಸ್ಟರ್ ಬಿಗಿದುಕೊಳ್ತಾ ಇತ್ತಮ್ಮ. ಎಂಟು ಜನರ ಬಾಯಿಯ ಅಚ್ಚು ಸಾಲಾಗಿ ಕಾಯ್ತಾ ಇದ್ದವು. ಒಮ್ಮೆ ಗಟ್ಟಿಯಾದ್ರೆ ಎಲ್ಲ ಎಸೀಬೇಕು. ಕಟ್ಟಿಬಿಡು, ಆಮೇಲೆ ಸರಿ ಮಾಡಿಸಿಕೊಳ್ಳೋಣ ಅಂದೆ."

"ಲಿಂಕ್ ಒತ್ತಿದ್ರೆ ಬ್ಯಾಂಕಿನ ಹೆಸರಿದ್ದ ಪುಟ ಬಂತು. 'ಮುಂದುವರಿಯಿರಿ ಅಂತ ಇದೆ ಮಾವ, ಒತ್ತಲಾ?' ಅಂದೆ. ಒತ್ತಮ್ಮ ಅಂದ್ರು. ಪಾಸ್‌ವರ್ಡ್ ಕೇಳ್ತು. ಮಾವ ಕೂಗಿದ್ರು."

"ಬೀದಿಗೆಲ್ಲ ಕೇಳೋ ಹಾಗೆ," ಎಂದರು ಪಾಲಿಶ್ ಮಾಮ. "ನನಗೂ ಬಾಯಿಪಾಠ."

"ಆಮೇಲೆ ಫೋನಿಗೆ ಓಟಿಪಿ ಬಂತು. ಅದನ್ನೂ ಹಾಕಿದೆ. ಹಣ ಹೋಯ್ತು. ಯಾರದೋ ಹೆಸರು ಬಂತು, ಕಂಪನಿ ಹೆಸರಲ್ಲ. ಆಗಲೇ ನನಗೆ ಇದು ಮೋಸ ಅಂತ ಹೊಳೀತು."

ಅಷ್ಟರಲ್ಲಿ ಕ್ಲಿನಿಕ್ಕಿಗೆ ಹೋಗಿದ್ದ ಮಾಸ್ತರರ ಮಗ, ಎಂದರೆ ಈ ಸೊಸೆಯ ಗಂಡ, ವಾಪಸ್ ಬಂದಿದ್ದ. ಕಂಪನಿಗೆ ಫೋನ್ ಮಾಡಿದರೆ ಅವರು ಯಾವ ಮೇಲನ್ನೂ ಕಳಿಸಿಯೇ ಇಲ್ಲ ಎಂದರು. ಆ ಲಿಂಕನ್ನು ಮತ್ತೆ ಒತ್ತಿ ನೋಡಿದ. ಪುಟ ಇರಲಿಲ್ಲ, ಬಿಳೀ ಪರದೆ.

"ಅಷ್ಟು ಬೇಗ ಕಿತ್ತು ಹಾಕಿದ್ರಾ," ಎಂದಳು ಅತ್ತಿಗೆ.

ಹೊರಗೆ ಕಾರು ನಿಂತಿತು. ಬಂದವರು ಮಾಸ್ತರರ ಅಳಿಯ. ಊರಿನ ದೊಡ್ಡ ಬೀದಿಯಲ್ಲಿ ಮೊಬೈಲ್ ಅಂಗಡಿ, ಗರಿಗರಿ ಅಂಗಿ, ಕಿವಿಯಲ್ಲಿ ಸದಾ ಒಂದು ಇಯರ್‌ಫೋನ್. ಅಳಿಯ ಬಂದರೆ ಮಾಸ್ತರರು ತಮ್ಮ ಕುರ್ಚಿಯನ್ನೇ ಬಿಟ್ಟುಕೊಡುತ್ತಿದ್ದರು. ಅಂದೂ ಬಿಟ್ಟುಕೊಟ್ಟರು.

"ದಾರೀಲಿ ಫೋನಲ್ಲೇ ಎಲ್ಲ ಕೇಳಿದೆ ಮಾವ," ಎಂದರು ಅಳಿಯ, ಕೂರುತ್ತಾ. "ಬೆಳಿಗ್ಗೆ ನಾನು ಬಂದು ಹೋದಾಗ ಎಲ್ಲ ನೆಟ್ಟಗಿತ್ತು, ಮಧ್ಯಾಹ್ನದ ಹೊತ್ತಿಗೆ ಮನೆ ಮುಳುಗಿಸಿದಾರೆ." ಸೊಸೆಯ ಕಡೆ ತಿರುಗಿದರು. "ಅಲ್ಲಮ್ಮ, ಚಿಕ್ಕ ಮಗುವೂ ಹೀಗೆ ಮಾಡಲ್ಲ. ಹಸಿರು ಬಟನ್ ಕಂಡ ತಕ್ಷಣ ಒತ್ತಿಬಿಡೋದಾ? ಇಲ್ಲ, ಬೇಕು ಅಂತಾನೇ ಒತ್ತಿದ್ಯೋ? ನಿಮ್ಮಣ್ಣ ಏನೋ ಕಂಪ್ಯೂಟರ್ ಕಲಿತಿದಾನೆ ಅಂತಿದ್ಯಲ್ಲ."

"ಭಾವ, ಮಾತು ಸ್ವಲ್ಪ ನೋಡ್ಕೊಂಡು," ಎಂದ ಮಗ, ನೆಲ ನೋಡುತ್ತಾ.

"ನಾನು ಮೊದಲಿಂದ ಹೇಳ್ತಾನೇ ಇದೀನಿ. ಹಲ್ಲು ಮಾಡೋ ದಂಧೆಗೆ ಇನ್ನು ಕಾಲ ಇಲ್ಲ. ಮುಚ್ಚಿ ಈ ಜಾಗ ನನಗೆ ಕೊಡಿ, ಎರಡನೇ ಅಂಗಡಿ ಹಾಕ್ತೀನಿ, ತಿಂಗಳು ತಿಂಗಳು ಬಾಡಿಗೆ ಬರುತ್ತೆ. ಕೇಳಲಿಲ್ಲ. ಸೊಸೆ ಮಾತು ಕೇಳಿ ಫರ್ನೇಸ್ ಆರ್ಡರ್ ಮಾಡಿದ್ರಿ. ನಾನು ಎದುರಿಗೇ ಕೂತು ಬೇಡ ಬೇಡ ಅಂದೆ."

ಸೊಸೆ ಬೆಂಚಿನ ಮೇಲಿದ್ದ ಅರ್ಧ ಬಣ್ಣ ಕಟ್ಟಿದ ಒಂದು ಹಲ್ಲನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ನಿಂತಿದ್ದಳು. ಮದುವೆಯಾಗಿ ಬಂದಾಗ ಅವಳಿಗೆ ಈ ಕೆಲಸದ ಗಂಧವೂ ಇರಲಿಲ್ಲ. ನೋಡಿ ನೋಡಿಯೇ ಕಲಿತು, ಈಗ ವೈದ್ಯರು ಅವಳ ಕೈಯ ಹಲ್ಲೇ ಬೇಕು ಎಂದು ಬರೆದು ಕಳಿಸುತ್ತಿದ್ದರು. ಆ ಬೆಂಚು ತಪ್ಪಿದರೆ ಅವಳಿಗೆ ಹೋಗುವುದು ಸಂಬಳ ಮಾತ್ರವಲ್ಲ. ಆ ಮನೆಯಲ್ಲಿ ಕಳ್ಳಿಯಾಗಿ, ಕಳ್ಳರ ಮನೆಯ ಮಗಳಾಗಿ ಬಾಳಬೇಕಿತ್ತು.

ಅತ್ತಿಗೆ ಅಳಿಯನನ್ನು ನೋಡಿ ನಕ್ಕಳು. "ನೀವು ಹೋದ ವಾರ ಕಾಣಲೇ ಇಲ್ಲ ಅಳಿಯಂದಿರೇ. ಊರಲ್ಲಿರಲಿಲ್ವಾ?"

"ಮೊಬೈಲ್ ಮೇಳ ಇತ್ತು. ಹೆಂಡ್ತೀನೂ ಕರ್ಕೊಂಡು ಹೋಗಿದ್ದೆ ಅಂತ ಮಾವನವರಿಗೆ ಗೊತ್ತು. ನಿನ್ನೆ ರಾತ್ರಿ ಬಂದ್ವಿ."

"ಇವತ್ತು ಬೆಳಿಗ್ಗೇನೇ ಮಾವನ್ನ ನೋಡೋಕೆ ಬಂದ್ರಿ. ಇಂಥ ಅಳಿಯ ಸಿಗಬೇಕಲ್ಲ!" ಎಂದಳು. ಆಮೇಲೆ ಮಾಸ್ತರರ ಕಡೆ ತಿರುಗಿ, "ಮಾಸ್ತರ್ರೇ, ನೀವು ಪ್ಲಾಸ್ಟರ್ ಹೊಯ್ಯೋದು ಯಾವಾಗಲೂ ಬೆಳಿಗ್ಗೆ ಅಲ್ವಾ?"

"ಹೂಂ. ಇವತ್ತು ಕಟ್ಟಡದ ಟ್ಯಾಂಕ್ ತೊಳೀತಿದ್ರಲ್ಲಮ್ಮ, ನೀರಿರಲಿಲ್ಲ. ನೀರಿಲ್ಲದೆ ಪ್ಲಾಸ್ಟರ್ ಹೇಗೆ ಕಲಸಲಿ? ಊಟ ಆದ ಮೇಲೆ ಇಟ್ಕೊಂಡೆ."

"ಸರಿ. ನಾಳೆ ಸಂಜೆ ಎಲ್ಲರೂ ಇಲ್ಲೇ ಸೇರಿ. ಅಳಿಯಂದಿರೇ, ನಿಮ್ಮ ಮನೆಯವರನ್ನೂ ಕರ್ಕೊಂಡು ಬನ್ನಿ. ಅಲ್ಲಿವರೆಗೆ ಸೊಸೆ ತನ್ನ ಬೆಂಚಿನ ಮೇಲೆ ಕೂತು ಕೆಲಸ ಮಾಡ್ಲಿ. ಮಾಸ್ತರ್ರೇ, ಇದಿಷ್ಟು ನನಗೋಸ್ಕರ."

ಮಾಸ್ತರರು ಹೂಂ ಎನ್ನಲೂ ಇಲ್ಲ, ಉಹೂಂ ಎನ್ನಲೂ ಇಲ್ಲ. ಅತ್ತಿಗೆಗೆ ಅಷ್ಟು ಸಾಕಾಗಿತ್ತು.

ಹೊರಡುವಾಗ ಅವಳು ಸೊಸೆಯನ್ನು ಮೆಟ್ಟಿಲಿನ ಬಳಿಗೆ ಕರೆದಳು. "ಆ ಪುಟ ಹೇಗಿತ್ತು, ಕಣ್ಣು ಮುಚ್ಚಿ ಜ್ಞಾಪಿಸಿಕೊಂಡು ಹೇಳು."

"ಬಿಳೀ ಹಿನ್ನೆಲೆ. ಮೇಲೆ ಬ್ಯಾಂಕಿನ ಗುರುತು. ನಡುವೆ ದೊಡ್ಡ ಹಸಿರು ಬಟನ್. ಎಳೆಯ ಹಸಿರಲ್ಲಕ್ಕಾ, ಸ್ವಲ್ಪ ನೀಲಿ ಬೆರೆತ ಹಸಿರು." ಬಣ್ಣ ಕಟ್ಟುವವಳಲ್ಲವೇ, ಅದರಲ್ಲಿ ಅವಳು ಎಡವುವುದಿಲ್ಲ.

"ಬ್ಯಾಂಕಿನ ನಿಜವಾದ ಪುಟ ನೋಡಿದೀಯಾ?"

"ಇಲ್ಲ. ಅದನ್ನ ನಮ್ಮವರೇ ನೋಡ್ಕೊಳ್ತಾರೆ."

"ಈ ಬಣ್ಣದ ವಿಷಯ ಯಾರಿಗಾದ್ರೂ ಹೇಳಿದ್ಯಾ?"

"ಯಾರು ಕೇಳಿದ್ರು ಅಕ್ಕಾ? ಯಾಕೆ ಒತ್ತಿದೆ ಅಂತ ಕೇಳಿದ್ರು, ಅಷ್ಟೆ."

ಮೇಲೆ ಬಂದು ನಾನು ಹೊಲಿಗೆ ಯಂತ್ರದ ಮುಂದೆ ಕೂತೆ. ಅತ್ತಿಗೆ ಕಿಟಕಿಯ ಬಳಿ ಕೂತು ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. "ಕಳ್ಳ ಯಾವುದೋ ದೇಶದಲ್ಲಿ ಕೂತಿರ್ತಾನೆ ಅತ್ತಿಗೆ. ಪತ್ರಿಕೇಲಿ ದಿನಾ ಬರುತ್ತೆ. ಎಲ್ಲಿ ಅಂತ ಹುಡುಕ್ತೀಯಾ?"

"ಬೇರೆ ದೇಶದವನಿಗೆ ನಮ್ಮ ಟ್ಯಾಂಕ್ ತೊಳೀತಿರೋದು ಹೇಗೆ ಗೊತ್ತಾಯ್ತು?" ಎಂದಳು.

"ಅದಕ್ಕೂ ಇದಕ್ಕೂ ಏನು?"

"ಗಾಡೀಲಿ ಟಿಕೆಟ್ ಇಲ್ಲದವನು ಏನು ಮಾಡ್ತಿದ್ದ ಗೊತ್ತಾ? ನಾನು ಎರಡು ಕೈಯಲ್ಲೂ ರಸೀದಿ, ಚಿಲ್ಲರೆ ಹಿಡ್ಕೊಂಡಿರುವಾಗ ನೋಡಿ ಪಕ್ಕದಿಂದ ನುಸುಳ್ತಿದ್ದ. ಕೈ ತುಂಬಿದ್ದಾಗಲೇ ಕಣ್ಣು ತಪ್ಪಿಸೋದು ಸುಲಭ. ಈ ಕಳ್ಳನೂ ಮಾಸ್ತರ್ರ ಕೈ ತುಂಬಿರೋ ಗಳಿಗೇನೇ ಕಾದು ಹೊಡೆದಿದಾನೆ. ಆ ಗಳಿಗೆ ಇವತ್ತು ಮಧ್ಯಾಹ್ನಕ್ಕೆ ಜಾರಿತ್ತು. ಅದು ಅವನಿಗೆ ಗೊತ್ತಿತ್ತು."

ನಾನು ಹೊಲಿಯುವುದನ್ನು ನಿಲ್ಲಿಸಿದೆ. "ಹಾಗಾದ್ರೆ ಲ್ಯಾಬಿನವರೇ!"

"ನೀನು ಸೂಜಿ ನೋಡ್ಕೊ, ಬೆರಳು ಹೊಲ್ಕೊಂಡೀಯಾ," ಎಂದು ನಕ್ಕು ಮಾತು ಮುಗಿಸಿದಳು. ಅತ್ತಿಗೆಯ ಇಡೀ ಗುಟ್ಟು ಆ ನಗುವಿನಲ್ಲಿರುತ್ತದೆ. ನನ್ನ ಕಣ್ಣೆದುರೇ ಎಲ್ಲವನ್ನೂ ಇಟ್ಟಿರುತ್ತಾಳೆ. ನಾನು ನೋಡಿಯೂ ಇರುತ್ತೇನೆ. ಆದರೂ ಅವಳು ಬಾಯಿಬಿಡುವ ತನಕ ನನಗೆ ಏನೂ ಕಾಣುವುದಿಲ್ಲ.

ಮರುದಿನ ಸಂಜೆ ಎಲ್ಲರೂ ಲ್ಯಾಬಿನಲ್ಲಿ ಸೇರಿದರು. ಯಂತ್ರಗಳು ನಿಂತಿದ್ದರಿಂದ ಕೋಣೆ ಅಪರಿಚಿತವಾಗಿ ಕಂಡಿತು. ಅಳಿಯ ಮಾಸ್ತರರ ಕುರ್ಚಿಯಲ್ಲಿ, ಅವರ ಹಿಂದೆ ಅವರ ಹೆಂಡತಿ, ಎಂದರೆ ಮಾಸ್ತರರ ಮಗಳು, ನಿಂತಿದ್ದಳು. ಪಾಲಿಶ್ ಮಾಮ ತಮ್ಮ ಸ್ಟೂಲಿನ ಮೇಲೆ. ಸೊಸೆ, ಅವಳ ಗಂಡ ಕಿಟಕಿಯ ಬಳಿ.

"ಮೊದಲು ಬೈಗುಳ," ಎಂದಳು ಅತ್ತಿಗೆ. "ಅದು ಮಾಸ್ತರ್ರಿಗೆ."

ಮಾಸ್ತರರು ಬೆಚ್ಚಿ ನೋಡಿದರು.

"ನಿಮ್ಮ ಲ್ಯಾಬಲ್ಲಿ ಓದುವವರು ಒಬ್ಬರು, ತೀರ್ಮಾನ ಮಾಡುವವರು ಇನ್ನೊಬ್ಬರು. ಓದುವವಳಿಗೆ ಬ್ಯಾಂಕಿನ ಪುಟ ಹೇಗಿರುತ್ತೆ ಅಂತ ಗೊತ್ತಿಲ್ಲ. ಗೊತ್ತಿರೋ ನಿಮಗೆ ಪುಟ ಕಾಣ್ತಿಲ್ಲ. ಆ ಮೇಲ್ ಯಾವ ವಿಳಾಸದಿಂದ ಬಂತು ಅಂತ ಅವಳು ಓದಲಿಲ್ಲ, ನೀವು ಕೇಳಲಿಲ್ಲ. ಇವತ್ತು ನಿಮ್ಮ ಮಗ ತೆಗೆದು ನೋಡಿದಾನೆ, ಮೇಲೆ ಕಂಪನಿ ಹೆಸರು, ಒಳಗೆ ಇನ್ಯಾರದೋ ವಿಳಾಸ. ನಿಮ್ಮ ಕೈ ತೊಳೆದು, ಆ ಫೋನನ್ನ ನಿಮ್ಮ ಕಣ್ಣಿಂದ ನೋಡಿದ್ರೆ ನಿಮಗೇ ಅನುಮಾನ ಬರ್ತಿತ್ತು. ಕಂಪನಿಯವರ ಹಳೇ ನಂಬರಿಗೆ ಒಂದು ಫೋನ್ ಹಾಕಿದ್ರೆ ಅಲ್ಲಿಗೇ ಮುಗೀತಿತ್ತು. ಎಂಟು ಅಚ್ಚು ಹಾಳಾಗಿದ್ರೆ ಮತ್ತೆ ಎಂಟು ಅಚ್ಚು ತರಿಸಬಹುದಿತ್ತು."

"ನಿಜ," ಎಂದರು ಮಾಸ್ತರರು, ಮೆಲ್ಲಗೆ.

"ಈಗಲೇ ಕಟ್ಟಿ, ತಡವಾದ್ರೆ ಹೋಯ್ತು ಅನ್ನೋದೇ ಮೊದಲ ಗುರುತು. ನನ್ನ ಕಾಲದಲ್ಲಿ, 'ಬೇಗ ಮೇಡಂ, ನನ್ನ ಸ್ಟೇಷನ್ ಬಂತು' ಅಂದವನ ಹತ್ತಿರ ಟಿಕೆಟ್ ಇರ್ತಾನೇ ಇರಲಿಲ್ಲ. ಖಾತೆ ಬದಲಾಗಿದೆ ಅನ್ನೋದು ಎರಡನೇ ಗುರುತು. ಓಟಿಪಿಯಂತೂ ಮನೆ ಬೀಗದ ಕೈ. ಅದನ್ನ ಮೇಲಲ್ಲಿ ಬಂದ ಲಿಂಕಿಗೆ ಹಾಕೋದು ಅಂದ್ರೆ ಬೀದೀಲಿ ಹೋಗೋನ ಕೈಗೆ ಬೀಗದ ಕೈ ಕೊಟ್ಟ ಹಾಗೆ."

"ಇದೆಲ್ಲ ನಾನೇ ಹೇಳಿಕೊಡ್ತಿದ್ದೆ," ಎಂದರು ಅಳಿಯ, ವಾಚು ನೋಡುತ್ತಾ. "ಕಳ್ಳ ಯಾರು ಅಂತ ಹೇಳಿ. ನನಗೆ ಅಂಗಡಿಗೆ ಹೋಗಬೇಕು."

"ಅದಕ್ಕೇ ಬರ್ತಿದೀನಿ. ಈ ಕಳ್ಳನಿಗೆ ಎರಡು ವಿಷಯ ಗೊತ್ತಿತ್ತು, ಒಂದು ಗೊತ್ತಿರಲಿಲ್ಲ." ಅತ್ತಿಗೆ ಸಿಂಕಿನ ನಲ್ಲಿ ತಿರುಗಿಸಿ ನಿಲ್ಲಿಸಿದಳು. "ನಿನ್ನೆ ನೀರಿಲ್ಲದೆ ಪ್ಲಾಸ್ಟರ್ ಮಧ್ಯಾಹ್ನಕ್ಕೆ ಹೋಯ್ತು. ಆ ಮೇಲ್ ಕೂಡ ಮಧ್ಯಾಹ್ನವೇ ಬಂತು, ಸರಿಯಾಗಿ ಮಾಸ್ತರ್ರ ಕೈ ಬಟ್ಟಲಲ್ಲಿರುವಾಗ. ಇದು ಗೊತ್ತಿದ್ದದ್ದು ಲ್ಯಾಬಿನವರಿಗೆ, ಹಲ್ಲು ತಡವಾಗುತ್ತೆ ಅಂತ ಫೋನ್ ಹೋದ ಕ್ಲಿನಿಕ್ಕಿನವರಿಗೆ, ಮತ್ತೆ ಬೆಳಿಗ್ಗೆ ಇಲ್ಲಿಗೆ ಬಂದು ಹೋದವರಿಗೆ. ಫರ್ನೇಸ್ ಕಂಪನಿಯವರಿಗೆ ಗೊತ್ತಾಗೋ ಹಾಗಿಲ್ಲ."

"ಎರಡನೇದು?" ಎಂದ ಮಗ.

"ಫರ್ನೇಸಿನ ಬಾಕಿ ಎಷ್ಟು ಅಂತ. ಅದು ಕ್ಲಿನಿಕ್ಕಿನವರಿಗೆ ಗೊತ್ತಿಲ್ಲ, ಅವರು ಆಚೆ ಹೋದ್ರು. ಉಳಿದವರು ಈ ಕೋಣೇಲಿ ಇರೋರೇ. ಇನ್ನು ಕಳ್ಳನಿಗೆ ಗೊತ್ತಿಲ್ಲದ ವಿಷಯ. ಹೋದ ವಾರ ಬಾಕಿ ಕಡಿಮೆ ಆಗಿತ್ತು. ಹಳೇ ಫರ್ನೇಸಿನ ಬೆಲೆ ಅದರಲ್ಲಿ ವಜಾ ಆಗಿತ್ತು. ಮೇಲ್ ಕೇಳಿದ್ದು ಹಳೇ ಮೊತ್ತ. ಪಾಲಿಶ್ ಮಾಮ ಆ ಫರ್ನೇಸನ್ನ ತಿಕ್ಕಿ ತಿಕ್ಕಿ ಇಟ್ಟಿದಾರೆ, ಅವರಿಗೆ ಗೊತ್ತು. ಮಗನಿಗೆ ಗೊತ್ತು. ಸೊಸೆಗಂತೂ ಎಲ್ಲರಿಗಿಂತ ಮೊದಲು ಗೊತ್ತು, ಫರ್ನೇಸ್ ಅವಳ ಕೆಲಸಕ್ಕೇ ಬರ್ತಿರೋದು. ಇವರಲ್ಲಿ ಯಾರೇ ಬರೆದಿದ್ರೂ ಸರಿಯಾದ ಮೊತ್ತ ಹಾಕ್ತಿದ್ರು, ಮಾಸ್ತರ್ರು ಗೊಣಗೋಕೂ ಅವಕಾಶ ಕೊಡ್ತಿರಲಿಲ್ಲ. ಆರ್ಡರ್ ಮಾಡಿದ ದಿನ ಎದುರಿಗೆ ಕೂತಿದ್ದು, ಹೋದ ವಾರ ಊರಲ್ಲಿರದೆ, ನಿನ್ನೆ ಬೆಳಿಗ್ಗೆ ಇಲ್ಲಿಗೆ ಬಂದು ಹೋದವರು ಯಾರು?"

ಎಲ್ಲರ ಕಣ್ಣೂ ಮಾಸ್ತರರ ಕುರ್ಚಿಯ ಕಡೆ ಹೋಯಿತು.

ಅಳಿಯ ಗಟ್ಟಿಯಾಗಿ ನಕ್ಕರು. "ಚೆನ್ನಾಗಿದೆ! ಮನೆ ಅಳಿಯನ ಮೇಲೇ? ಮಾವ, ಇದನ್ನ ಕೇಳ್ಕೊಂಡು ಸುಮ್ನೆ ಕೂತಿದೀರಲ್ಲ. ಇವರ ಲೆಕ್ಕಾಚಾರಕ್ಕೆ ಸಾಕ್ಷಿ ಏನಿದೆ?"

"ಲೆಕ್ಕಾಚಾರ ಅಷ್ಟಕ್ಕೇ ನಿಲ್ಲಿಸಿದ್ರೆ ನಾನೂ ನಂಬ್ತಿರಲಿಲ್ಲ," ಎಂದಳು ಅತ್ತಿಗೆ. "ನಿನ್ನೆ ನೀವು ಬಂದ ತಕ್ಷಣ ಇವಳಿಗೆ ಬೈದ್ರಲ್ಲ, ಹಸಿರು ಬಟನ್ ಕಂಡ ತಕ್ಷಣ ಒತ್ತೋದಾ ಅಂತ. ಆ ಪುಟವನ್ನ ಈ ಲ್ಯಾಬಲ್ಲಿ ನೋಡಿದ್ದು ಒಬ್ಬಳೇ. ಅವಳು ಮಾತುಗಳನ್ನ ಓದಿ ಹೇಳಿದಳು, ಬಣ್ಣ ಓದಲಿಲ್ಲ. ಬಣ್ಣವನ್ನ ಯಾರು ಓದ್ತಾರೆ? ಮಾಸ್ತರ್ರೇ, ಬಟನ್ ಯಾವ ಬಣ್ಣ ಅಂತ ನಿಮಗೆ ಗೊತ್ತಿತ್ತಾ?"

"ಇಲ್ಲ."

"ಮಾಮ?"

"ನಾನು ಯಂತ್ರದ ಮುಂದೆ ಇದ್ದೆ. ಪಾಸ್‌ವರ್ಡ್ ಕೇಳಿಸ್ತು, ಬಣ್ಣ ಕೇಳಿಸಲಿಲ್ಲ."

"ನಾನು ಫೋನಲ್ಲಿ ನೋಡಿದೆ," ಎಂದರು ಅಳಿಯ.

"ಸುಳ್ಳು ಭಾವ," ಎಂದ ಮಗ, ಈ ಸಲ ಅವರ ಮುಖ ನೋಡಿ. "ನೀವು ಬರೋಕೆ ಮೊದಲೇ ನಾನು ಒತ್ತಿ ನೋಡಿದ್ದೆ. ಪುಟ ಇರಲೇ ಇಲ್ಲ. ಫೋನ್ ನನ್ನ ಜೇಬಲ್ಲಿತ್ತು, ನೀವು ಮುಟ್ಟೇ ಇಲ್ಲ."

"ಅಂದಾಜಲ್ಲಿ ಹೇಳಿದೆ ಕಣಯ್ಯ! ಬ್ಯಾಂಕಿನ ಬಟನ್ ಹಸಿರಿರುತ್ತೆ."

"ನಮ್ಮ ಬ್ಯಾಂಕಿಂದು ನೀಲಿ. ಯಾವತ್ತೂ ನೀಲಿ."

ಅಳಿಯ ಎದ್ದು ನಿಂತರು. "ಒಂದು ಬಣ್ಣದ ಮಾತಿಗೆ ನನ್ನ ಕಳ್ಳ ಅಂತೀರಾ? ನಡಿಯೇ, ಹೋಗೋಣ. ಇನ್ನು ಈ ಮನೆ ಮೆಟ್ಟಿಲು ಹತ್ತೋದು ಬೇಡ."

ಮಗಳು ಕದಲಲಿಲ್ಲ. ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ನಾನು ಅಷ್ಟು ಹೊತ್ತು ಅವಳನ್ನು ಗಮನಿಸಿಯೇ ಇರಲಿಲ್ಲ. ಅತ್ತಿಗೆ ಮಾತ್ರ ಬಣ್ಣದ ಮಾತು ಬಂದಾಗಿನಿಂದ ಅವಳನ್ನೇ ನೋಡುತ್ತಿದ್ದಳು ಎಂದು ಆಮೇಲೆ ತಿಳಿಯಿತು.

"ಮೇಳಕ್ಕೆ ಹೋದಾಗ," ಎಂದಳು ಮಗಳು, ಗಂಡನ ಮುಖ ನೋಡದೆ, "ಹೋಟೆಲ್ ರೂಮಲ್ಲಿ ನೀವು ಲ್ಯಾಪ್‌ಟಾಪ್ ತೋರಿಸಿ ಕೇಳಿದ್ರಿ. ಯಾರೋ ಗಿರಾಕಿಗೆ ಪುಟ ಮಾಡಿಕೊಡ್ತಿದೀನಿ, ಬಟನ್ ನೀಲಿ ಇರಲೋ ಹಸಿರೋ ಅಂತ. ನೀಲಿ ಮಂಕು, ಹಸಿರು ಎದ್ದು ಕಾಣುತ್ತೆ, ಯಾರಾದ್ರೂ ತಕ್ಷಣ ಒತ್ತುತ್ತಾರೆ ಅಂದೋಳು ನಾನೇ."

ಅಳಿಯ ಏನೋ ಹೇಳಲು ಬಾಯಿ ತೆರೆದರು, ಹೆಂಡತಿ ಕೈ ಎತ್ತಿ ತಡೆದಳು.

"ನಮ್ಮಪ್ಪನ ಹಣ ಹೊಡೆಯೋಕೆ ನನ್ನ ಹತ್ತಿರಾನೇ ಬಣ್ಣ ಆರಿಸಿದ್ರಾ?"

ಅವರು ಮತ್ತೆ ಕುರ್ಚಿಯಲ್ಲಿ ಕೂತರು. "ಹಣ ನಾನು ತಿನ್ನೋನಿರಲಿಲ್ಲ," ಎಂದರು ಕೊನೆಗೆ. "ಹೊಸ ಫರ್ನೇಸ್ ಬರೋದು ನಿಂತ್ರೆ ಲ್ಯಾಬ್ ಮುಚ್ಚುತ್ತೆ, ಜಾಗ ನನಗೆ ಬರುತ್ತೆ ಅಂತ. ಆಮೇಲೆ ನಿಧಾನಕ್ಕೆ ಬಾಡಿಗೆ ರೂಪದಲ್ಲಿ ವಾಪಸ್ ಕೊಡ್ತಿದ್ದೆ."

"ಇವಳ ಹೆಸರನ್ನ ಯಾವ ರೂಪದಲ್ಲಿ ವಾಪಸ್ ಕೊಡ್ತಿದ್ರಿ?" ಎಂದಳು ಅತ್ತಿಗೆ, ಸೊಸೆಯನ್ನು ತೋರಿಸಿ.

ಅಳಿಯ ಕಿವಿಯ ಇಯರ್‌ಫೋನ್ ಕಿತ್ತು ಜೇಬಿಗೆ ಹಾಕಿಕೊಂಡರು. ಹಣ ಹೋದ ಖಾತೆ, ಸಿಮ್ ಕೊಳ್ಳಲು ಅವರ ಅಂಗಡಿಗೆ ಗುರುತಿನ ಚೀಟಿ ಕೊಟ್ಟಿದ್ದ ಒಬ್ಬ ಗಿರಾಕಿಯ ಹೆಸರಲ್ಲಿತ್ತು. ಆ ಪಾಪದ ಮನುಷ್ಯನಿಗೆ ತನಗೊಂದು ಖಾತೆ ಇರುವುದೇ ಗೊತ್ತಿರಲಿಲ್ಲ. ಇದನ್ನು ಅಳಿಯ ಪೊಲೀಸರ ಮುಂದೆ ತಾವೇ ಹೇಳಿದರು. ಮಗಳು ಅವರ ಜೊತೆ ಠಾಣೆಯವರೆಗೆ ಹೋದಳು, ಬರುವಾಗ ಒಬ್ಬಳೇ ಬಂದಳು.

ಅಂದು ಅಳಿಯ, ಮಗಳು ಠಾಣೆಗೆ ಹೋದ ಮೇಲೆ ಮಾಸ್ತರರು ಸೊಸೆಯ ಬೆಂಚಿನ ಮುಂದೆ ಬಂದು ನಿಂತರು. ಅವಳ ದೀಪ ಉರಿಯುತ್ತಿರಲಿಲ್ಲ, ಅದನ್ನು ಹೊತ್ತಿಸಿದರು.

"ಮಾವ, ಬಿಡಿ," ಎಂದಳು ಅವಳು.

"ಬಿಡೋದೇನಮ್ಮ. ನಿನ್ನ ಅಪ್ಪ ಅಮ್ಮನ ಮನೆಗೆ ನಾಳೆ ನಾನೇ ಹೋಗ್ತೀನಿ. ನಾನಾಡಿದ ಮಾತು ನನ್ನ ಬಾಯಿಂದಾನೇ ವಾಪಸ್ ಹೋಗಬೇಕು."

"ಪಾಸ್‌ವರ್ಡ್ ಬದಲಾಯಿಸಿ ಹೋಗಿ," ಎಂದರು ಪಾಲಿಶ್ ಮಾಮ. "ಹಳೇದು ನನ್ನ ಮೊಮ್ಮಗನಿಗೂ ಬಾಯಿಪಾಠ ಆಗಿದೆ." ಎರಡು ದಿನದಲ್ಲಿ ಮೊದಲ ಬಾರಿ ಆ ಕೋಣೆಯಲ್ಲಿ ನಗು ಕೇಳಿಸಿತು.

ಮೆಟ್ಟಿಲು ಹತ್ತುವಾಗ ನಾನು ಅತ್ತಿಗೆಯನ್ನು ಕೇಳಿದೆ. "ಮಗಳಿಗೆ ಗೊತ್ತಿದೆ ಅಂತ ನಿನಗೆ ಹೇಗೆ ಗೊತ್ತಾಯ್ತು? ಕರ್ಕೊಂಡು ಬನ್ನಿ ಅಂತ ನಿನ್ನೆಯೇ ಹೇಳಿದ್ದೆಯಲ್ಲ."

"ಗೊತ್ತಿರಲಿಲ್ಲ ಕಣೇ. ಗಂಡನ ಹೆಸರು ಬರುವಾಗ ಹೆಂಡತಿ ಎದುರಿಗಿರಲಿ ಅಂತ ಕರೆಸಿದೆ. ಬೆನ್ನ ಹಿಂದೆ ಹೇಳಿದ್ರೆ ಅವಳು ಯಾವತ್ತೂ ನಂಬ್ತಿರಲಿಲ್ಲ." ಒಂದು ಮೆಟ್ಟಿಲು ನಿಂತು ಉಸಿರು ತೆಗೆದುಕೊಂಡಳು. "ಪಾಪ, ಅವಳಿಗೆ ಹೇಳಬೇಕು ಅಂತ ಏನಿರಲಿಲ್ಲ. ಸುಮ್ಮನಿದ್ದಿದ್ರೆ ಗಂಡ ಉಳೀತಿದ್ದ. ನಾನು ಹಿಡಿದದ್ದು ಅರ್ಧ. ಉಳಿದರ್ಧ ಅವಳು ಹಿಡಿದಳು."

ಇಷ್ಟು ವರ್ಷ ಜೊತೆಗಿದ್ದೇನೆ, ಅತ್ತಿಗೆ ತಾನು ಗೆದ್ದದ್ದನ್ನು ಹೇಳಿಕೊಂಡಿದ್ದು ನೋಡಿಲ್ಲ. ಪಾಲು ಹಂಚುವುದನ್ನು ಮಾತ್ರ ನೋಡಿದ್ದೇನೆ.

ಆ ಮಧ್ಯಾಹ್ನವೇ ಬ್ಯಾಂಕಿಗೆ ಫೋನ್ ಹೋಗಿದ್ದರಿಂದ ಹಣದ ಮುಕ್ಕಾಲು ಪಾಲು ಆ ಖಾತೆಯಲ್ಲೇ ತಡೆಯಲ್ಪಟ್ಟಿತ್ತು. ಅದು ವಾಪಸ್ ಬಂತು. ಕಾಲು ಪಾಲು ಅಷ್ಟರಲ್ಲಿ ಕೈ ದಾಟಿತ್ತು, ಅದು ಬರಲಿಲ್ಲ. ಫರ್ನೇಸ್ ತಡವಾಗಿ ಬಂತು. ಸೊಸೆಗೆ ಬೆಂಚೂ ಉಳಿಯಿತು, ಹೆಸರೂ ಉಳಿಯಿತು. ಮಾಸ್ತರರ ಪಾಲಿಗೆ ಅಳಿಯ ಇಲ್ಲವಾದ, ಮಗಳ ಪಾಲಿಗೆ ಗಂಡ ಇಲ್ಲವಾದ.